ಮನೆಗೆಲ್ಲ ಒಂದೇ ಆಸ್ಪತ್ರೆ ಕಾರ್ಡು

ಆಸ್ಪತ್ರೆಗೆ ಹೋದಾಗ ನೀವು ಮೊದಲು ಬೈಯುವುದು ಯಾರನ್ನು? ಡಾಕ್ಟರನ್ನಲ್ಲ, ಚೀಟಿ ಬರೆಯುವವನನ್ನು. ಆ ಬೈಗುಳವನ್ನು ಹದಿನೇಳು ವರ್ಷದಿಂದ ತಿನ್ನುತ್ತಿರುವವನು ನಾನು. ನನ್ನ ಹೆಸರು ಮಲ್ಲಿಕಾರ್ಜುನಪ್ಪ. ಹೊನ್ನಾಳಿಯ ನಮ್ಮ ಧರ್ಮಾಸ್ಪತ್ರೆಯಲ್ಲಿ ಕಿಟಕಿಯ ಒಳಗೆ ಕೂತಿರುವ ಗುಮಾಸ್ತ. ಈ ಕಥೆಯಲ್ಲಿ ನನ್ನದೂ ಒಂದು ತಪ್ಪಿದೆ. ಅದನ್ನು ಮುಚ್ಚಿಟ್ಟು ನಿಮಗೆ ಬುದ್ಧಿ ಹೇಳುವುದು ಸರಿಯಲ್ಲ, ಆದ್ದರಿಂದ ಅದೂ ಬರುತ್ತದೆ.

ಮೊದಲು ನಮ್ಮ ಹಳೆಯ ಪಾಡು ಕೇಳಿ. ರೋಗಿ ಬಂದರೆ ದಪ್ಪ ಪುಸ್ತಕದಲ್ಲಿ ಹೆಸರು ಬರೆದು, ಒಂದು ಚೀಟಿ ಹರಿದು ಕೊಡುತ್ತಿದ್ದೆ. ಡಾಕ್ಟರು ಅದರ ಮೇಲೆ ಔಷಧಿ ಬರೆಯುತ್ತಿದ್ದರು. ಆರು ತಿಂಗಳು ಬಿಟ್ಟು ಅದೇ ರೋಗಿ ಬಂದರೆ ಚೀಟಿ ಇರುತ್ತಿರಲಿಲ್ಲ. ಇಲಿ ಕಡಿದಿರುತ್ತಿತ್ತು, ಇಲ್ಲ ಮಗು ಹರಿದಿರುತ್ತಿತ್ತು, ಇಲ್ಲ ಅಂಗಿಯ ಜೇಬಿನಲ್ಲೇ ಒಗೆದುಹೋಗಿರುತ್ತಿತ್ತು. ಹಿಂದೆ ಏನು ಔಷಧಿ ತಗೊಂಡಿದ್ದೆ ಎಂದು ಡಾಕ್ಟರು ಕೇಳಿದರೆ, ಕೆಂಪು ಮಾತ್ರೆ ಎನ್ನುತ್ತಿದ್ದರು. ಲೋಕದಲ್ಲಿ ಕೆಂಪು ಮಾತ್ರೆಗಳು ಎಷ್ಟಿವೆಯೋ. ಹಳೆಯ ಪುಸ್ತಕ ಹುಡುಕಲು ನಾನು ಉಗ್ರಾಣಕ್ಕೆ ಹೋದರೆ ಹೊರಗೆ ಸಾಲು ರಸ್ತೆಯವರೆಗೆ ಬೆಳೆಯುತ್ತಿತ್ತು. ಚಿಕಿತ್ಸೆ ಶುರುವಾಗುವ ಮೊದಲೇ ಅರ್ಧ ದಿನ ಹೋಗಿಬಿಡುತ್ತಿತ್ತು.

ಹೋದ ವರ್ಷ, ಎಂದರೆ ಎಂಬತ್ತೆಂಟರ ಫೆಬ್ರವರಿಯಲ್ಲಿ, ನಮ್ಮ ಕಿಟಕಿಗೆ ಕಂಪ್ಯೂಟರು ಬಂತು. ದಾವಣಗೆರೆಯಲ್ಲಿ ನನಗೆ ಹದಿನೈದು ದಿನ ತರಬೇತಿ ಕೊಟ್ಟರು. ಮೊದಲ ವಾರ ಒಂದೇ ಬೆರಳಿನಲ್ಲಿ ಹೊಡೆಯುತ್ತಿದ್ದೆ. ಆದರೆ ಅದರ ಕೆಲಸ ಸುಲಭ. ಮೊದಲ ಸಲ ಬಂದವರ ಹೆಸರು, ವಯಸ್ಸು, ಊರು ತುಂಬಿ ಒಂದು ನಂಬರು ಕೊಡುವುದು. ಆ ನಂಬರು ಬರೆದ ದಪ್ಪ ಕಾಗದದ ಕಾರ್ಡು ರೋಗಿಯ ಕೈಗೆ. ಮುಂದಿನ ಸಲ ಬಂದು ಕಾರ್ಡು ತೋರಿಸಿದರೆ ಸಾಕು, ಹಿಂದೆ ಯಾವ ರೋಗಕ್ಕೆ ಬಂದಿದ್ದರು, ಯಾವ ಔಷಧಿ ಆಯಿತು, ಯಾವುದು ಮೈಗೆ ಆಗಲಿಲ್ಲ ಎಲ್ಲವೂ ಪರದೆಯ ಮೇಲೆ ಬರುತ್ತದೆ. ಪಕ್ಕದ ಯಂತ್ರ ಟರ್ ಟರ್ ಎಂದು ಅದನ್ನು ಕಾಗದದ ಮೇಲೆ ಅಚ್ಚು ಹಾಕುತ್ತದೆ. ರೋಗಿ ಬೆಂಚಿನಿಂದ ಎದ್ದು ಒಳಗೆ ಹೋಗುವಷ್ಟರಲ್ಲಿ ಆ ಕಾಗದ ಡಾಕ್ಟರ ಮೇಜಿನ ಮೇಲಿರುತ್ತದೆ.

ಇಷ್ಟು ನನಗೆ ಅರ್ಥವಾಗಿತ್ತು. ಜನಕ್ಕೆ ಅರ್ಥವಾಗಿದ್ದೇ ಬೇರೆ. ಧೂಳು ಬರಬಾರದೆಂದು ಬಾಗಿಲಲ್ಲಿ ಚಪ್ಪಲಿ ಬಿಡಿಸುತ್ತಿದ್ದೆವು, ಅದಕ್ಕೆ ಕೆಲವರು ಕೈ ಮುಗಿದು ಒಳಗೆ ಬರುತ್ತಿದ್ದರು. ಕೆಲವರು ಪರದೆಗೆ ಮುಖ ಒಡ್ಡಿ ನಾಲಗೆ ತೋರಿಸುತ್ತಿದ್ದರು. ಸಂತೇಬೆನ್ನೂರಿನಿಂದ ಬಂದ ಒಬ್ಬ ಯಜಮಾನರು ಏನು ಕೇಳಿದರೂ ಬಾಯಿ ಬಿಡಲಿಲ್ಲ. ಕೊನೆಗೆ, "ಅದಕ್ಕೇ ಎಲ್ಲಾ ಗೊತ್ತೈತೆ ಅಂದ್ರಲ್ಲ, ನನ್ಯಾಕೆ ಕೇಳ್ತೀರಿ" ಎಂದರು. ನಾವು ಹೇಳಿದ್ದನ್ನು ಮಾತ್ರ ಅದು ನೆನಪಿಡುತ್ತದೆ, ಹೇಳದ್ದು ಅದಕ್ಕೆ ಗೊತ್ತಾಗುವುದಿಲ್ಲ ಎಂದು ನಾನು ಬಾಯಿ ನೋಯುವಷ್ಟು ಹೇಳಿದೆ. ಅವರು ನನ್ನನ್ನೇ ಅನುಮಾನದಿಂದ ನೋಡಿ ಹೋದರು.

ಗೋವಿನಕೋವಿಯ ಉಚ್ಚಂಗಮ್ಮನ ಮನೆಯಲ್ಲಿ ಆದದ್ದು ಇದಕ್ಕಿಂತ ದೊಡ್ಡ ಗೊಂದಲ. ಉಚ್ಚಂಗಮ್ಮ ಗಟ್ಟಿ ಹೆಂಗಸು, ಮನೆಯ ಕಾರುಬಾರೆಲ್ಲ ಅವಳದೇ. ಮಗ ಬೈಲಪ್ಪ, ಸೊಸೆ ಕರಿಬಸಮ್ಮ. ಮಗಳು ಗಾದ್ರಮ್ಮನನ್ನು ಜಗಳೂರಿಗೆ ಕೊಟ್ಟಿದ್ದಾರೆ. ಕಂಪ್ಯೂಟರು ಬಂದ ಹೊಸದರಲ್ಲಿ ಕರಿಬಸಮ್ಮನಿಗೆ ಜ್ವರ ಬಂದು ಅವಳ ಹೆಸರಲ್ಲಿ ಒಂದು ಕಾರ್ಡು ಮಾಡಿಸಿಕೊಂಡು ಹೋಗಿದ್ದರು. ಉಚ್ಚಂಗಮ್ಮ ಅದನ್ನು ರೇಷನ್ ಕಾರ್ಡಿನ ಚೀಲಕ್ಕೇ ಹಾಕಿ ಗೂಟಕ್ಕೆ ನೇತುಹಾಕಿದಳು. ಅವಳ ಲೆಕ್ಕದಲ್ಲಿ ಎರಡೂ ಒಂದೇ. ರೇಷನ್ ಕಾರ್ಡು ಮನೆಗೊಂದು. ಆಸ್ಪತ್ರೆ ಕಾರ್ಡೂ ಮನೆಗೊಂದು. ಮನೆಯವರು ಯಾರು ಹೋದರೂ ಅದನ್ನೇ ತಗೊಂಡು ಹೋಗಬೇಕು, ಹೊಸದು ಕೇಳಿದರೆ ಆಫೀಸಿನವರು ಬೈಯುತ್ತಾರೆ.

ಹೀಗೆ ಆ ಒಂದು ಕಾರ್ಡು ವರ್ಷವಿಡೀ ಓಡಾಡಿತು. ಪಕ್ಕದ ಮನೆ ಚೌಡಕ್ಕನೂ ಒಂದು ದಿನ ಕಡ ತಗೊಂಡು ಬಂದಿದ್ದಳು. ಪ್ರತಿ ಸಲವೂ ಅದನ್ನು ಕಿಟಕಿಯಲ್ಲಿ ತೆಗೆದುಕೊಂಡವನು ನಾನು. ನನ್ನ ತಪ್ಪು ಇದೇ. ಪುಸ್ತಕ ಬರೆಯುವ ಕಾಲದಲ್ಲಿ ತಲೆ ಎತ್ತಿ ಮುಖ ನೋಡಿ, ಯಾವೂರು, ಯಾರ ಮಗಳು ಎಂದು ಕೇಳಿ ಬರೆಯುತ್ತಿದ್ದೆ. ಕಂಪ್ಯೂಟರು ಬಂದ ಮೇಲೆ ಅಕ್ಷರ ಹುಡುಕುವುದರಲ್ಲೇ ತಲೆ ಕೆಳಗಾಯಿತು. ಕಾರ್ಡು ಬಂತು, ನಂಬರು ಹೊಡೆದೆ, ಮುಂದಿನವರು ಬನ್ನಿ ಎಂದೆ. ಕಾರ್ಡಿನ ಹಿಂದೆ ನಿಂತವರು ಯಾರೆಂದು ಕೇಳಲೇ ಇಲ್ಲ.

ಈ ವರ್ಷ ಜನವರಿ. ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲಿ ಕರಿಬಸಮ್ಮನ ಕಾಲಿಗೆ ಕೂಳೆ ಚುಚ್ಚಿತು. ಅವಳಿಗೆ ಎಂಟು ತಿಂಗಳು ತುಂಬಿತ್ತು. ಮೂರು ದಿನ ಅರಿಶಿನ, ಸುಣ್ಣ ಹಚ್ಚಿಕೊಂಡು ಕೂತರು. ನಾಲ್ಕನೆಯ ದಿನ ಪಾದ ಊದಿ, ಮೊಣಕಾಲಿನವರೆಗೆ ಕೆಂಪಾಗಿ, ಜ್ವರ ಏರಿತು. ಬೈಲಪ್ಪ ಅವಳನ್ನು ಎತ್ತಿಕೊಂಡು ಬಸ್ಸಿನಿಂದ ಇಳಿದದ್ದನ್ನು ನಾನು ಕಿಟಕಿಯಿಂದ ನೋಡಿದೆ. ಹಿಂದೆ ಉಚ್ಚಂಗಮ್ಮ, ಕೈಯಲ್ಲಿ ಆ ಕಾರ್ಡು.

ನಾನು ನಂಬರು ಹೊಡೆದೆ. ಕಾಗದ ಅಚ್ಚಾಗಿ ಡಾಕ್ಟರಮ್ಮನ ಮೇಜಿಗೆ ಹೋಯಿತು. ಹತ್ತು ನಿಮಿಷ ಕಳೆದಿರಲಿಲ್ಲ, ಸಿಸ್ಟರ್ ಸುಗ್ರಾ ಓಡಿ ಬಂದಳು. ಸುಗ್ರಾ ಗೋವಿನಕೋವಿಯವಳೇ, ಉಚ್ಚಂಗಮ್ಮನ ಮನೆಯ ಹಿಂದಿನ ಓಣಿಯವಳು.

"ಮಲ್ಲಿಕಾರ್ಜುನಪ್ಪಾರೇ, ಡಾಕ್ಟ್ರು ಕರೀತಾರೆ. ನಿಮ್ಮ ಕಂಪ್ಯೂಟ್ರಿಗೆ ಏನಾಗೈತೋ ನೋಡ್ಬೇಕಂತೆ."

ಹೋದೆ. ಕರಿಬಸಮ್ಮ ಮಂಚದ ಮೇಲೆ ಮಲಗಿದ್ದಳು, ತುಟಿ ಒಣಗಿತ್ತು. ಡಾಕ್ಟರಮ್ಮ ಕಾಗದವನ್ನು ನನ್ನ ಮುಂದೆ ಹಿಡಿದರು.

"ಇದರಲ್ಲಿ ನೋಡಿ. ಮಾರ್ಚಿನಲ್ಲಿ ನಾಲ್ಕು ಹಲ್ಲು ಕಿತ್ತಿದೆ ಅಂತಿದೆ."

"ಹೌದು ಮೇಡಂ."

"ಕರಿಬಸಮ್ಮಾ, ಬಾಯಿ ತೆಗಿಯವ್ವ."

ಅವಳು ಬಾಯಿ ತೆಗೆದಳು. ಸಾಲಾಗಿ ಎಲ್ಲ ಹಲ್ಲೂ ಇದ್ದವು. ನಾನು ಬಗ್ಗಿ ಎರಡು ಸಲ ನೋಡಿದೆ. ಕಿತ್ತ ಹಲ್ಲು ಮತ್ತೆ ಬಂದದ್ದು ಎಲ್ಲೂ ಕೇಳಿರಲಿಲ್ಲ.

"ಜೂನ್‌ನಲ್ಲಿ ಮಂಡಿ ಸವೆದಿದೆ, ವಯಸ್ಸಾದವರಿಗೆ ಬರುವ ನೋವು ಅಂತಿದೆ. ಈ ಹುಡುಗಿಗೆ ಇಪ್ಪತ್ತೆರಡು ವರ್ಷ" ಎಂದರು ಡಾಕ್ಟರಮ್ಮ. ಆಮೇಲೆ ಕಾಗದದ ಕೊನೆಗೆ ಬೆರಳಿಟ್ಟರು. ಅಲ್ಲಿ ನಾಲ್ಕು ನಕ್ಷತ್ರದ ಗುರುತು ಹಾಕಿ, ಆಗಸ್ಟ್ ತಿಂಗಳ ತಾರೀಖಿನ ಎದುರು ಇಂಗ್ಲಿಷಿನಲ್ಲಿ ಹೀಗೆ ದಾಖಲಾಗಿತ್ತು: ಪೆನಿಸಿಲಿನ್ ಸೂಜಿ ಆಗುವುದಿಲ್ಲ, ಮೈ ಊದಿ ಉಸಿರು ಕಟ್ಟಿತ್ತು, ಮತ್ತೆ ಕೊಡಬಾರದು.

"ಇವಳ ಕಾಲಿಗೆ, ಹೊಟ್ಟೇಲಿರೋ ಮಗುವಿಗೆ, ಎರಡಕ್ಕೂ ಒಳ್ಳೇದು ಅಂದ್ರೆ ಅದೇ ಸೂಜಿ" ಎಂದರು ಡಾಕ್ಟರಮ್ಮ. "ಕೊಡಬಾರದು ಅಂತಾದ್ರೆ ಬೇರೆ ಔಷಧಿಗೆ ಶಿವಮೊಗ್ಗಕ್ಕೆ ಕಳಿಸಬೇಕು. ಈ ಜ್ವರದಲ್ಲಿ, ಈ ಹೊಟ್ಟೆ ಹೊತ್ಕೊಂಡು, ಆ ರಸ್ತೇಲಿ. ಹಂಗೆ ಕಳಿಸೋ ಮುಂಚೆ ನನಗೆ ಒಂದೇ ಒಂದು ಗೊತ್ತಾಗಬೇಕು. ಆಗಸ್ಟ್‌ನಲ್ಲಿ ಊದಿದ್ದು ಇವಳೇನಾ?"

ಆಗಸ್ಟಿನಲ್ಲಿ ಈ ಡಾಕ್ಟರಮ್ಮ ಇಲ್ಲಿರಲಿಲ್ಲ, ಅವರು ಬಂದದ್ದೇ ದೀಪಾವಳಿ ಕಳೆದ ಮೇಲೆ. ಆಗಿದ್ದ ಡಾಕ್ಟರು ಬಿಟ್ಟುಹೋಗಿದ್ದರು. ಸುಗ್ರಾ ಆಗ ಬಾಣಂತಿ, ಮನೆಯಲ್ಲಿದ್ದಳು. ಬೈಲಪ್ಪ ಆ ತಿಂಗಳೆಲ್ಲ ಕತ್ತಲಗೆರೆ ಕಡೆ ಕಾಲುವೆ ಕೆಲಸಕ್ಕೆ ಹೋಗಿದ್ದನಂತೆ. ನಾನು ಮಾತ್ರ ಇಲ್ಲೇ ಇದ್ದೆ. ಎಷ್ಟು ತಲೆ ಕೆರೆದುಕೊಂಡರೂ ನನಗೆ ನೆನಪಿದ್ದದ್ದು ನಂಬರು, ಮುಖ ನೆನಪಾಗಲಿಲ್ಲ. ಆವತ್ತು ನಾಚಿಕೆಯಿಂದ ನನ್ನ ಮುಖವೇ ಬಿಸಿಯಾಯಿತು.

"ನೀನೇ ಹೇಳಮ್ಮ" ಎಂದರು ಡಾಕ್ಟರಮ್ಮ ಕರಿಬಸಮ್ಮನಿಗೆ. "ನಿನಗೆ ಸೂಜಿ ಹಾಕಿದಾಗ ಮೈ ಊದಿತ್ತಾ?"

ಕರಿಬಸಮ್ಮ ಅತ್ತೆಯ ಮುಖ ನೋಡಿದಳು. ಆಮೇಲೆ ಗೋಡೆ ಕಡೆ ತಿರುಗಿ, "ಅತ್ತೆಮ್ಮನ್ನ ಕೇಳ್ರಿ" ಎಂದಳು.

ಉಚ್ಚಂಗಮ್ಮ ಸೆರಗು ಸರಿಮಾಡಿಕೊಂಡಳು. "ಹಲ್ಲು ನಂದು" ಎಂದಳು. ಅನುಮಾನ ಬೇಡವೆಂದು ತುಟಿ ಎಳೆದು ಬೋಳು ಒಸಡು ತೋರಿಸಿದಳು. "ಮಂಡಿನೋವು ಚೌಡಕ್ಕಂದು. ಪಾಪ ಕುಂತ್ರೆ ಏಳಾಕೆ ಆಗ್ತಿರಲಿಲ್ಲ, ಕಾರ್ಡು ಕೇಳಿದ್ಲು, ಕೊಟ್ಟೆ. ಒಂದು ಚೊಂಬು ನೀರು ಕೇಳಿದ್ರೆ ಇಲ್ಲ ಅಂತೀವಾ?"

"ಊದಿದ್ದು ಯಾರು?"

"ಅದು ಕರಿಬಸಮ್ಮಂದೇ."

"ಖಂಡಿತಾನಾ?"

"ಕಾರ್ಡು ಅವಳದು. ಬರೆದಿರೋದೂ ಅವಳದೇ ಇರಬೇಕಲ್ಲ" ಎಂದಳು ಉಚ್ಚಂಗಮ್ಮ. ಹೇಳುವಾಗ ಅವಳ ಕಣ್ಣು ಕಂಪ್ಯೂಟರ್ ಕೋಣೆಯ ಕಡೆಗಿತ್ತು.

ಡಾಕ್ಟರಮ್ಮ ಕಾಗದ ಮಡಿಸಿದರು. "ಹಲ್ಲು ಕಾರ್ಡಿನಲ್ಲಿ ಇವಳದು, ಬಾಯಲ್ಲಿ ನಿಮ್ಮದು. ಈಗ ನಾನು ಯಾವುದನ್ನ ನಂಬಲಿ ಹೇಳಿ. ಊದಿದ್ದು ನಿಜವಾಗ್ಲೂ ಇವಳೇ ಆಗಿದ್ರೆ ಒಂದು ಹನಿ ಹಾಕಿ ಪರೀಕ್ಷೆ ಮಾಡೋಕೂ ನನಗೆ ಧೈರ್ಯ ಇಲ್ಲ. ಅಲ್ಲದಿದ್ರೆ, ಸುಮ್ಮನೆ ಇವಳನ್ನ ಇಪ್ಪತ್ತೈದು ಮೈಲಿ ಕುಲುಕಿಸಿದ ಪಾಪ ನನಗೆ. ಜೀಪು ರೆಡಿ ಮಾಡಾಕೆ ಹೇಳಿರ್ತೀನಿ. ಅಷ್ಟರಲ್ಲಿ ನೆನಪು ಮಾಡ್ಕೊಳ್ಳಿ."

ಬೈಲಪ್ಪ ತಾಯಿಯ ಮುಂದೆ ನಿಂತ. "ಅವ್ವ, ಏನಾತು ಹೇಳು. ನನಗ್ಯಾಕೆ ಯಾರೂ ಹೇಳಿಲ್ಲ, ಇವಳು ಊದಿದ್ದು?" ಎಂದ. ಅವಳು ವರಾಂಡಕ್ಕೆ ಎದ್ದುಹೋದಳು.

ಸುಗ್ರಾ ಅವಳ ಹಿಂದೆಯೇ ಹೋದಳು. ನಾನೂ ಬಾಗಿಲ ಹತ್ತಿರ ನಿಂತೆ. ಕದ್ದು ಕೇಳುವ ಬುದ್ಧಿ ನನಗಿಲ್ಲ, ಆದರೆ ಆವತ್ತು ಕೇಳದೇ ಇರಲು ಆಗಲಿಲ್ಲ.

"ದೊಡ್ಡಮ್ಮ, ನೀವು ಏನೋ ಮುಚ್ಚಿಡ್ತಿದ್ದೀರಿ" ಎಂದಳು ಸುಗ್ರಾ.

"ನಂಗೇನು ಮುಚ್ಚಿಡೋದೈತೆ."

"ನಾನು ಚಿಕ್ಕೋಳಿದ್ದಾಗ ನಿಮ್ಮ ಮನೇಲೇ ಉಂಡು ಬೆಳ್ದೀನಿ. ನೀವು ಸುಳ್ಳು ಹೇಳುವಾಗ ಸೆರಗು ಸರಿ ಮಾಡ್ಕೊಂತೀರಿ."

ಉಚ್ಚಂಗಮ್ಮ ಸೆರಗಿನಿಂದ ಕೈ ತೆಗೆದಳು. ತಗ್ಗಿದ ದನಿಯಲ್ಲಿ, "ಸುಗ್ರಾ, ಆ ಪೆಟ್ಟಿಗೆ ಹಿಂದಿಂದ ಒಂದು ತಂತಿ ಗೋಡೆ ಒಳಗೆ ಹೋಗೈತಲ್ಲ, ಅದು ಎಲ್ಲಿಗೆ ಹೋಗ್ತೈತೆ?" ಎಂದಳು.

"ಕರೆಂಟಿನ ತಂತಿ ದೊಡ್ಡಮ್ಮ."

"ಅಷ್ಟೇ ಅಲ್ಲ ಅಂತಾರೆ. ಇದ್ರಲ್ಲಿ ಬರೆದದ್ದು ಎಲ್ಲಾ ಊರಿನ ಆಫೀಸಿಗೂ ಹೋಗ್ತೈತಂತೆ. ದಾವಣಗೆರೆಗೆ, ಜಗಳೂರಿಗೆ."

"ಯಾರು ಹೇಳಿದ್ರು ನಿಮಗೆ?"

"ಬಸ್ಸಲ್ಲಿ ಮಾತಾಡ್ತಿದ್ರು."

ಸುಗ್ರಾ ಅವಳ ಪಕ್ಕ ಬೆಂಚಿನ ಮೇಲೆ ಕೂತಳು. "ಜಗಳೂರಿಗೆ ಹೋದ್ರೆ ನಿಮಗೇನು?" ಎಂದು ಕೇಳುತ್ತಲೇ ಅವಳಿಗೆ ಏನೋ ಹೊಳೆಯಿತು. "ದೊಡ್ಡಮ್ಮ. ಆಗಸ್ಟಿನಲ್ಲಿ ಗಾದ್ರಿ ಊರಿಗೆ ಬಂದಿದ್ಲಲ್ಲ. ಪಂಚಮಿ ಹಬ್ಬಕ್ಕೆ."

ಉಚ್ಚಂಗಮ್ಮನ ಗಟ್ಟಿತನವೆಲ್ಲ ಅಲ್ಲಿಗೆ ಮುಗಿಯಿತು. ಅವಳು ಅಳುವುದನ್ನು ನಾನು ಮೊದಲ ಸಲ ನೋಡಿದೆ.

ಮಗಳಿಗೆ ಮದುವೆಯಾಗಿ ಆಗ ಐದು ತಿಂಗಳು. ಹಬ್ಬಕ್ಕೆಂದು ತವರಿಗೆ ಬಂದವಳಿಗೆ ಗಂಟಲು ಊದಿ ಜ್ವರ ಬಂತು. ತಾಯಿ ಅವಳನ್ನು ಇಲ್ಲಿಗೆ ಕರೆತಂದಳು. ಹೊಸ ಮದುವಣಗಿತ್ತಿ ಕಾಯಿಲೆಯವಳು ಎಂದು ಬೀಗರಿಗೆ ತಿಳಿದರೆ ಏನು ಗತಿ ಎಂದು ಹೆದರಿ, ಮಗಳ ಹೆಸರು ಹೇಳದೆ ಸೊಸೆಯ ಕಾರ್ಡು ಕೊಟ್ಟಳು. ಕಾರ್ಡು ಮನೆಗೊಂದೇ ಎಂದು ನಂಬಿದ್ದವಳಿಗೆ ಅದು ತಪ್ಪೆಂದೂ ಅನಿಸಲಿಲ್ಲ. ಸೂಜಿ ಹಾಕಿದ ಸ್ವಲ್ಪ ಹೊತ್ತಿಗೆ ಹುಡುಗಿ ಊದಿಕೊಂಡಳು, ಉಸಿರು ಸಿಕ್ಕಿಕೊಂಡಿತು. ಡಾಕ್ಟರು ಬೇರೆ ಸೂಜಿ ಹಾಕಿ ಉಳಿಸಿದರು. ಎರಡು ದಿನಕ್ಕೆ ಎಲ್ಲ ಸರಿಹೋಯಿತು. ಸೊಸೆಯ ಕೈಯಲ್ಲಿ ಅಡುಗೆ ಮನೆಯ ದೀಪ ಮುಟ್ಟಿಸಿ, ಯಾರಿಗೂ ಹೇಳಬೇಡ ಎಂದು ಮಾತು ತಗೊಂಡಿದ್ದಳು. ಆ ಮಾತನ್ನು ಕರಿಬಸಮ್ಮ ಈಗ ಸಾಯುವ ಹೊತ್ತಿನಲ್ಲೂ ಮುರಿದಿರಲಿಲ್ಲ.

"ನಿಮ್ಮ ಮಗಳ ಮಾನ ಕಾಯಾಕೆ ಸೊಸೆ ಪ್ರಾಣ ಒತ್ತೆ ಇಟ್ಟಾಳೆ ದೊಡ್ಡಮ್ಮ" ಎಂದಳು ಸುಗ್ರಾ. "ಒಳಗೆ ಮಲಗಿರೋಳ ಹೊಟ್ಟೇಲಿ ನಿಮ್ಮ ಮೊಮ್ಮಗು ಐತೆ. ನಡೀರಿ, ಡಾಕ್ಟ್ರಿಗೆ ನೀವೇ ಹೇಳ್ರಿ. ಆ ತಂತಿ ಎಲ್ಲಿಗೂ ಹೋಗಾಕಿಲ್ಲ. ಬೇಕಾದ್ರೆ ಗುಮಾಸ್ತರನ್ನ ಕೇಳ್ರಿ, ಅಲ್ಲೇ ನಿಂತು ಕೇಳಿಸ್ಕೊಂತಿದ್ದಾರೆ."

ನಾನು ಕೆಮ್ಮಿ ಮುಂದೆ ಬಂದೆ. "ಪಕ್ಕದ ಕೋಣೆಗೂ ಹೋಗಲ್ಲಮ್ಮ. ಕಾಗದ ನಾವೇ ಕೈಯಲ್ಲಿ ತಗೊಂಡು ಹೋಗ್ತೀವಿ. ಅದನ್ನ ನೋಡೋರು ಡಾಕ್ಟ್ರು, ಸಿಸ್ಟರು, ನಾನು. ಮತ್ಯಾರಿಗೂ ತೋರಿಸಂಗಿಲ್ಲ."

ಉಚ್ಚಂಗಮ್ಮ ಕಣ್ಣು ಒರೆಸಿಕೊಂಡು ಒಳಗೆ ಹೋದಳು. ಡಾಕ್ಟರಮ್ಮನ ಮುಂದೆ, ಮಗನ ಮುಂದೆ, ಎಲ್ಲ ಹೇಳಿದಳು. ಬೈಲಪ್ಪ ಹೋಗಿ ಹೆಂಡತಿಯ ಮಂಚದ ಪಕ್ಕ ನಿಂತ. ಕರಿಬಸಮ್ಮ ಗೋಡೆಯಿಂದ ಈಕಡೆ ತಿರುಗಿ, "ಹೂಂ ರೀ, ನಂಗೆ ಆ ಸೂಜಿ ಯಾವತ್ತೂ ಹಾಕಿಲ್ಲ" ಎಂದಳು. ಅಷ್ಟು ಹೊತ್ತಿಗೆ ಅವಳು ಆಡಿದ ಉದ್ದನೆಯ ಮಾತು ಅದೇ.

ಆದರೂ ಡಾಕ್ಟರಮ್ಮ ಅವಸರ ಮಾಡಲಿಲ್ಲ. ತೋಳಿನ ಚರ್ಮಕ್ಕೆ ಸಾಸಿವೆ ಕಾಳಿನಷ್ಟು ಔಷಧಿ ಹಾಕಿ, ಪಕ್ಕದಲ್ಲಿ ಗಡಿಯಾರ ಇಟ್ಟುಕೊಂಡು ಅರ್ಧ ಗಂಟೆ ನೋಡಿದರು. ಆ ಅರ್ಧ ಗಂಟೆ ನಾನು ಕಿಟಕಿಗೆ ಹೋಗಲಿಲ್ಲ. ಹೊರಗೆ ಸಾಲಿನಲ್ಲಿ ಜನ ನನ್ನನ್ನು ಬೈಯುತ್ತಿದ್ದದ್ದು ಕೇಳುತ್ತಿತ್ತು. ಬೈಯಲಿ ಎಂದು ನಿಂತಿದ್ದೆ. ತೋಳು ಕೆಂಪಾಗಲಿಲ್ಲ, ಊದಲಿಲ್ಲ. ಸೂಜಿ ಹಾಕಿದರು. ಜೀಪನ್ನು ವಾಪಸು ಕಳಿಸಿದರು. ಮೂರನೆಯ ದಿನಕ್ಕೆ ಜ್ವರ ಇಳಿಯಿತು, ಕಾಲಿನ ಕೆಂಪು ಇಳಿಯಿತು. ಹೊಟ್ಟೆಯೊಳಗಿನ ಮಗು ಒದೆಯುತ್ತಿದೆ ಎಂದು ಕರಿಬಸಮ್ಮ ಸುಗ್ರಾಳ ಕೈ ಹಿಡಿದು ತೋರಿಸಿದಳು.

ಕಥೆ ಇಲ್ಲಿಗೆ ಮುಗಿಯಿತು ಎಂದು ನಾನು ಅಂದುಕೊಂಡಿದ್ದೆ. ಸೂಜಿ ಹಾಕಿದ ದಿನವೇ ಮಧ್ಯಾಹ್ನ ಕಾರ್ಡು ಸರಿಪಡಿಸಲು ಕೂತೆ. ಉಚ್ಚಂಗಮ್ಮ ನನ್ನ ಪಕ್ಕ ಸ್ಟೂಲಿನ ಮೇಲೆ. ನಾನು ತಾರೀಖು ಓದುತ್ತಿದ್ದೆ, ಆಕೆ ಅದು ಯಾರದೆಂದು ಹೇಳುತ್ತಿದ್ದಳು. ಓದು ಬರಹವಿಲ್ಲದ ಹೆಂಗಸು ಒಂದನ್ನೂ ತಪ್ಪಿಸಲಿಲ್ಲ. ಹಲ್ಲನ್ನು ಅವಳ ಹೆಸರಿಗೆ ಹೊಸ ಕಾರ್ಡು ಮಾಡಿ ಅದಕ್ಕೆ ಹಾಕಿದೆ. ಮಂಡಿಯನ್ನು ಚೌಡಕ್ಕ ಬಂದಾಗ ಅವಳ ಕಾರ್ಡಿಗೆ ಹಾಕಲು ಬರೆದಿಟ್ಟುಕೊಂಡೆ. ಕೊನೆಗೆ ನಾಲ್ಕು ನಕ್ಷತ್ರದ ಆ ಸಾಲು ಬಂತು. ಡಾಕ್ಟರಮ್ಮ ಅದನ್ನು ಕರಿಬಸಮ್ಮನ ಹೆಸರಿನಿಂದ ತೆಗೆಯಲು ಸಹಿ ಹಾಕಿದ್ದರು.

"ಇದನ್ನ ತೆಗೀತಿದ್ದೀನಿ" ಎಂದೆ.

"ತೆಗೆದು ಎಲ್ಲಿಗೆ ಹಾಕ್ತೀರಿ?"

"ಗಾದ್ರಮ್ಮ ಇಲ್ಲಿ ಬಂದು ಹೆಸರು ಬರೆಸಿದ್ರೆ ಅವಳ ಕಾರ್ಡಿಗೆ."

"ಅಲ್ಲೀತನಕ?"

"ಎಲ್ಲೂ ಇರಲ್ಲಮ್ಮ" ಎಂದೆ. ಅವಳಿಗೆ ಅಷ್ಟರಲ್ಲೇ ಅರ್ಥವಾಯಿತು. ಐದು ತಿಂಗಳಿಂದ ಮಗಳ ಅಪಾಯದ ಮಾತು ಸೊಸೆಯ ಹೆಸರಲ್ಲಿ ಕೂತಿತ್ತು. ಮಗಳ ಹೆಸರಲ್ಲಿ ಎಲ್ಲಿಯೂ ಒಂದಕ್ಷರ ಇರಲಿಲ್ಲ. ನಾಳೆ ಜಗಳೂರಿನಲ್ಲಿ ಅವಳಿಗೆ ಜ್ವರ ಬಂದು, ಅಲ್ಲಿ ಯಾರಾದರೂ ಅದೇ ಸೂಜಿ ಹಾಕಿದರೆ ಬೇಡ ಎನ್ನುವವರು ಯಾರೂ ಇಲ್ಲ. ಸೂಜಿಯ ಹೆಸರು ಗಾದ್ರಮ್ಮನಿಗೂ ಗೊತ್ತಿಲ್ಲ.

ಉಚ್ಚಂಗಮ್ಮ ಎದ್ದು ಕಂಪ್ಯೂಟರಿನ ಹಿಂದೆ ಹೋದಳು. ಗೋಡೆಯೊಳಗೆ ಹೋಗುವ ಆ ತಂತಿಯನ್ನು ನೋಡಿದಳು.

"ಗುಮಾಸ್ತ್ರೇ, ನಿಜವಾಗ್ಲೂ ಇದು ಜಗಳೂರಿಗೆ ಹೋಗಲ್ಲೇನ್ರಿ?"

"ಇಲ್ಲಮ್ಮ."

"ಹೆಂಗಾದ್ರೂ ಕಳಿಸಾಕೆ ಬರಾಕಿಲ್ವಾ? ಒಂದೇ ಒಂದು ಮಾತು."

ಬೆಳಗ್ಗೆ ಅದೇ ತಂತಿಗೆ ಹೆದರಿ ಸೊಸೆಯ ಜೀವದ ಮೇಲೆ ಸುಳ್ಳು ಹೇಳಿದ ಹೆಂಗಸು. ನನಗೆ ನಗು ಬರಬೇಕಿತ್ತು. ಬರಲಿಲ್ಲ, ಎದ್ದು ಹೋಗಿ ಡಾಕ್ಟರಮ್ಮನಿಗೆ ಹೇಳಿದೆ.

ಡಾಕ್ಟರಮ್ಮ ಕೆಂಪು ಮಸಿಯಲ್ಲಿ, ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಒಂದು ಕಾಗದ ಬರೆದುಕೊಟ್ಟರು. ನಮ್ಮ ಕಂಪ್ಯೂಟರಿಗೆ ಕನ್ನಡ ಇನ್ನೂ ಬರುವುದಿಲ್ಲ. ಮಾರನೆಯ ದಿನ ಮೊದಲ ಬಸ್ಸಿಗೆ ಉಚ್ಚಂಗಮ್ಮ ದಾವಣಗೆರೆಗೆ ಹೋಗಿ, ಅಲ್ಲಿಂದ ಜಗಳೂರಿನ ಬಸ್ಸು ಹತ್ತಿದಳು. ಕಾಗದವನ್ನು ಕುಪ್ಪಸದೊಳಗೆ ಇಟ್ಟುಕೊಂಡಿದ್ದಳಂತೆ.

ಅಲ್ಲಿ ನಡೆದದ್ದನ್ನು ಆಮೇಲೆ ಆಕೆಯೇ ಹೇಳಿದಳು. ಹೋದಾಗ ಗಾದ್ರಮ್ಮ ಅಂಗಳದಲ್ಲಿ ಶೇಂಗಾ ಬಿಡಿಸುತ್ತ ಕೂತಿದ್ದಳು, ಗಟ್ಟಿಮುಟ್ಟಾಗಿ. ಮಗಳನ್ನು ನೋಡಿ ತಾಯಿ ಅಲ್ಲೇ ಕುಸಿದು ಕೂತು ಅತ್ತಳು. ಬೀಗಿತ್ತಿ ಗಿಡ್ಡಮ್ಮ ಗಾಬರಿಯಾಗಿ ನೀರು ತಂದಳು. ಇನ್ನು ಮುಚ್ಚಿಡುವುದು ಬೇಡ ಎಂದು ಉಚ್ಚಂಗಮ್ಮ ಕಾಗದ ತೆಗೆದು ಬೀಗಿತ್ತಿಯ ಕೈಗೇ ಕೊಟ್ಟಳು. ಹಬ್ಬಕ್ಕೆ ಬಂದಾಗಿನ ಜ್ವರ, ಸೂಜಿ, ಊತ, ಕಾರ್ಡು, ಎಲ್ಲ ಹೇಳಿ, ಬೈಗುಳಕ್ಕೆ ತಲೆ ಬಗ್ಗಿಸಿ ಕೂತಳು.

ಗಿಡ್ಡಮ್ಮ ಬೈಯಲಿಲ್ಲ. ಒಮ್ಮೆ ಸೊಸೆಯನ್ನು, ಒಮ್ಮೆ ಕಾಗದವನ್ನು ನೋಡಿ, "ನಂಗೂ ಒಂದು ಮಾತ್ರೆ ಆಗಾಕಿಲ್ಲ. ಬಿಳೀದು. ನುಂಗಿದ್ರೆ ಬಾಯೆಲ್ಲ ಹುಣ್ಣಾಗ್ತೈತೆ. ಸೊಸೆ ಮುಂದೆ ಹೆಂಗೆ ಹೇಳ್ಲಿ ಅಂತ ಸುಮ್ನಿದ್ದೆ" ಎಂದಳು. ಆಮೇಲೆ, "ಇಂಥಾದ್ದು ನಂಗೂ ಒಂದು ಬರ್ಕೊಡ್ತಾರೇನ್ರಿ ನಿಮ್ಮಲ್ಲಿ?" ಎಂದಳು.

ಹನ್ನೆರಡು ದಿನ ಬಿಟ್ಟು ತಾಯಿ, ಮಗಳು, ಬೀಗಿತ್ತಿ ಮೂವರೂ ನನ್ನ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಿದ್ದರು. ನಾನು ತಲೆ ಎತ್ತಿ ಒಬ್ಬೊಬ್ಬರ ಮುಖ ನೋಡಿ ಹೆಸರು ಕೇಳಿದೆ. ಈಗ ನಾನು ಹಾಗೇ ಮಾಡುತ್ತೇನೆ. ನಂಬರು ಹೊಡೆದ ಮೇಲೆ ಪರದೆಯ ಹೆಸರು ಓದಿ, ಎದುರಿಗಿರುವವರು ಅವರೇ ಹೌದೋ ಅಲ್ಲವೋ ಎಂದು ಕೇಳುತ್ತೇನೆ. ಸಾಲು ಸ್ವಲ್ಪ ತಡವಾಗುತ್ತದೆ, ಬೈಯುವವರು ಬೈಯುತ್ತಾರೆ.

ಅವರ ಹಿಂದೆ ಚೌಡಕ್ಕ ನಿಂತಿದ್ದಳು, ಹಿಂದಿನ ವಾರವಷ್ಟೇ ತನ್ನದೇ ಕಾರ್ಡು ಮಾಡಿಸಿಕೊಂಡು ಹೋಗಿದ್ದವಳು. "ಉಚ್ಚಂಗಕ್ಕ, ನಿನ್ನ ಕಾರ್ಡು ಒಂದೀಟು ಕೊಡು, ನಂದು ಮನೇಲಿ ಮರೆತು ಬಂದೀನಿ" ಎಂದಳು.

"ಬೇಕಾದ್ರೆ ನನ್ನ ಸೀರೆ ಉಟ್ಕೊಂಡು ಹೋಗು, ಕಾರ್ಡು ಮಾತ್ರ ಕೇಳಬ್ಯಾಡ" ಎಂದಳು ಉಚ್ಚಂಗಮ್ಮ. "ಮರೆತ್ರೆ ಹೆಸರು, ಊರು, ಗಂಡನ ಹೆಸರು ಹೇಳು. ಗುಮಾಸ್ತರು ಹುಡುಕಿ ತೆಗೀತಾರೆ."

ಚೌಡಕ್ಕ ಹೇಳಿದಳು. ನಾನು ಹುಡುಕಿ ತೆಗೆದೆ. ಮಂಡಿನೋವು ಅವಳ ಹೆಸರಿನಲ್ಲೇ ಇತ್ತು.

ಫೆಬ್ರವರಿ ಕೊನೆಗೆ ಕರಿಬಸಮ್ಮನಿಗೆ ಹೆಣ್ಣು ಮಗು ಹುಟ್ಟಿತು. ಇನ್ನೂ ಹೆಸರಿಟ್ಟಿಲ್ಲ. ಅಜ್ಜಿ ಮಾತ್ರ ಎರಡನೆಯ ದಿನವೇ ಕಿಟಕಿಗೆ ಬಂದು ಮಗುವಿಗೊಂದು ಕಾರ್ಡು ಕೇಳಿದಳು. ಹೆಸರಿನ ಜಾಗದಲ್ಲಿ ಏನು ಹಾಕಲಿ ಎಂದೆ. "ಕರಿಬಸಮ್ಮನ ಮಗಳು ಅಂತ ಹಾಕ್ರಿ" ಎಂದಳು. ಆಮೇಲೆ, "ಅವಳ ಹೆಸರಿಗೆ ಇಷ್ಟು ದಿನ ಎಲ್ಲಾರ ರೋಗ ಬರೆಸಿದ್ದೆ. ಇದೊಂದು ಒಳ್ಳೇದು ಬರೀಲಿ" ಎಂದಳು.

ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಈಗ ಎದ್ದು ನಿಮ್ಮ ಮನೆಯ ಗೂಟದ ಚೀಲ ತೆಗೆದು ನೋಡಿ. ಅದರಲ್ಲಿ ಆಸ್ಪತ್ರೆಯ ಕಾರ್ಡು ಒಂದೇ ಇದ್ದರೆ, ಮುಂದಿನ ಸಲ ಬಂದಾಗ ಮನೆಯಲ್ಲಿ ಎಷ್ಟು ಜನರೋ ಅಷ್ಟು ಮಾಡಿಸಿಕೊಳ್ಳಿ. ನಿಮ್ಮದನ್ನು ಯಾರಿಗೂ ಕೊಡಬೇಡಿ, ಯಾರದನ್ನೂ ತರಬೇಡಿ. ಯಾವ ಔಷಧಿ ನಿಮಗೆ ಆಗಲಿಲ್ಲ, ಎಷ್ಟು ತಿಂಗಳ ಬಸುರಿ, ಹಿಂದೆ ಏನಾಗಿತ್ತು ಎಂಬುದನ್ನು ನಾಚಿಕೆಪಡದೆ ಹೇಳಿ. ಹೇಳಿದ್ದು ಊರಿಗೆ ಹರಡುವುದಿಲ್ಲ, ಡಾಕ್ಟರ ಮೇಜಿಗೆ ಮಾತ್ರ ಹೋಗುತ್ತದೆ. ಕಂಪ್ಯೂಟರಿಗೆ ನಿಮ್ಮ ಮುಖ ಗೊತ್ತಿಲ್ಲ. ನೀವು ಹೇಳಿದ್ದೇ ಅದಕ್ಕೆ ಗೊತ್ತು.

ಕಿಟಕಿಗೆ ಬಂದಾಗ ನಾನು ತಲೆ ಎತ್ತಿ ನೀವು ಯಾರು ಎಂದು ಕೇಳುತ್ತೇನೆ. ಬೇಸರ ಮಾಡಿಕೊಳ್ಳದೆ ನಿಮ್ಮದೇ ಹೆಸರು ಹೇಳಿ.